ಒಂದು ವಾಕ್ಯ, ಎಷ್ಟು ಕ್ರಿಯಾಪದ?

ಲ್ಯಾಬ್ ರೆಕಾರ್ಡಿನ ಇಂಗ್ಲಿಷ್‌ನಲ್ಲಿ ನಾವು ಎಡವೋದು ಹೆಚ್ಚಾಗಿ ಉದ್ದ ವಾಕ್ಯಗಳಲ್ಲಿ. ಕ್ಲಾಸ್ ಅಂದರೆ ಏನು ಅಂತ ಸರಿಯಾಗಿ ತಿಳಿದರೆ ಅರ್ಧ ಸಮಸ್ಯೆ ಮುಗಿಯಿತು. ಕರ್ತೃ ಮತ್ತು ಅದರ ಪೂರ್ಣ ಕ್ರಿಯಾಪದ ಸೇರಿದರೆ ಒಂದು ಕ್ಲಾಸ್, ಅಂದರೆ ಉಪವಾಕ್ಯ.

ಮೊದಲು ಕನ್ನಡ ನೋಡಿ:

ಉಚ್ಚಿಲದಲ್ಲಿ ಬಸ್ಸು ಹತ್ತಿದ ಹುಡುಗ ಕಾಪುವಿನಲ್ಲಿ ಇಳಿದ.

'ಹತ್ತಿದ', 'ಇಳಿದ' ಎರಡೂ ಒಂದೇ ಥರ ಕಾಣುತ್ತವೆ. ಹುಡುಗನ ಜಾಗದಲ್ಲಿ ಹುಡುಗಿಯನ್ನು ಹಾಕಿ. 'ಇಳಿದ' ಹೋಗಿ 'ಇಳಿದಳು' ಆಗುತ್ತದೆ, 'ಹತ್ತಿದ' ಹಾಗೇ ಉಳಿಯುತ್ತದೆ. ಅಂದರೆ ಪೂರ್ಣ ಕ್ರಿಯಾಪದ 'ಇಳಿದಳು' ಒಂದೇ. 'ಹತ್ತಿದ' ಬರೀ ಕೃದಂತ, ನಾಮಪದದ ಮುಂದೆ ವಿಶೇಷಣದ ಹಾಗೆ ಕೂತಿದೆ.

ಇಂಗ್ಲಿಷ್‌ನಲ್ಲಿ ಅದೇ ಮಾತು:

ದ ಗರ್ಲ್ ಹೂ ಬೋರ್ಡೆಡ್ ದ ಬಸ್ ಅಟ್ ಉಚ್ಚಿಲ ಗಾಟ್ ಆಫ್ ಅಟ್ ಕಾಪು.

ಇಲ್ಲಿ ವಿವರಣೆ ನಾಮಪದದ ನಂತರ ಬಂತು. ಪೂರ್ಣ ಕ್ರಿಯಾಪದ ಎರಡಾಯಿತು: 'ಬೋರ್ಡೆಡ್', 'ಗಾಟ್ ಆಫ್'. ಎರಡನ್ನೂ ಹಿಡಿದಿಡುವ ಕೊಂಡಿ 'ಹೂ'. ಅದನ್ನು ಬಿಟ್ಟರೆ ವಾಕ್ಯ ಕುಸಿಯುತ್ತದೆ. ಹಾಗಾಗಿ ಲೆಕ್ಕ ಸುಲಭ: ಪೂರ್ಣ ಕ್ರಿಯಾಪದ ಎಷ್ಟೋ, ಕೊಂಡಿ ಅದಕ್ಕಿಂತ ಒಂದು ಕಡಿಮೆ. ('ಹ್ಯಾಸ್ ಬೀನ್ ಮೆಷರ್ಡ್' ಒಟ್ಟಿಗೆ ಒಂದೇ ಕ್ರಿಯಾಪದ. 'ದ ಬಸ್ ವಿ ಮಿಸ್ಡ್' ಅನ್ನುವಂಥ ಕಡೆ 'ದಟ್' ಅಡಗಿರುತ್ತದೆ, ಅದನ್ನೂ ಎಣಿಸಿ.)

ಇನ್ನೊಂದು ಬಲೆ 'ಬಿಕಾಸ್'. "ರೀಡಿಂಗ್ ಇಳಿಯಿತು. ಯಾಕೆಂದರೆ ವೈರ್ ಸಡಿಲವಾಗಿತ್ತು." ಕನ್ನಡದಲ್ಲಿ ಇದು ಸರಿ. ಆದರೆ "ಬಿಕಾಸ್ ದ ವೈರ್ ವಾಸ್ ಲೂಸ್" ಅಧೀನ ವಾಕ್ಯ. ಅದಕ್ಕೆ ಮೊದಲು ಫುಲ್‌ಸ್ಟಾಪ್ ಹಾಕಿದರೆ ಅದು ಪ್ರಧಾನ ವಾಕ್ಯ ಇಲ್ಲದೆ ಒಂಟಿಯಾಗುತ್ತದೆ. ಫುಲ್‌ಸ್ಟಾಪ್ ತೆಗೆದು ಜೋಡಿಸಿ, ಅಷ್ಟೇ.

ಕಾಮಾ ಅರ್ಥವನ್ನೇ ಬದಲಿಸುತ್ತದೆ. "ಪ್ಯಾಸೆಂಜರ್ಸ್ ಹೂ ಹ್ಯಾವ್ ಪಾಸಸ್ ನೀಡ್ ನಾಟ್ ಪೇ" ಅಂದರೆ ಪಾಸ್ ಇದ್ದವರು ಮಾತ್ರ ದುಡ್ಡು ಕೊಡಬೇಕಿಲ್ಲ. 'ಹೂ ಹ್ಯಾವ್ ಪಾಸಸ್' ಭಾಗದ ಎರಡೂ ಕಡೆ ಕಾಮಾ ಹಾಕಿ: ಬಸ್ಸಿನಲ್ಲಿದ್ದ ಎಲ್ಲರ ಹತ್ತಿರವೂ ಪಾಸ್ ಇದೆ, ಯಾರೂ ಕೊಡಬೇಕಿಲ್ಲ ಅಂತಾಯಿತು! "ಪಾಸ್ ಇರುವ ಪ್ರಯಾಣಿಕರು" ಅಂತ ಕನ್ನಡದಲ್ಲಿ ಬರೆಯುವಾಗ ಈ ಕಾಮಾ ನಮಗೆ ಬೇಕಾಗುವುದೇ ಇಲ್ಲ; ಅದಕ್ಕೇ ಇಂಗ್ಲಿಷ್‌ನಲ್ಲೂ ಮರೆಯುತ್ತೇವೆ.

ಈಗ ನಿಮ್ಮ ಸರದಿ: "ಬಸ್ಸಿನಲ್ಲಿ ಮರೆತ ಕ್ಯಾಲ್ಕುಲೇಟರ್ ಸಿಕ್ಕಿತು ಅಂತ ಗೆಳತಿ ಹೇಳಿದಳು." ಮರೆತದ್ದು ಯಾರು ಅಂತ ಕನ್ನಡ ಹೇಳಿಲ್ಲ. ಇಂಗ್ಲಿಷ್ ಉಪವಾಕ್ಯ ಮಾಡುವಾಗ ಕರ್ತೃವನ್ನು ನೀವೇ ತರಬೇಕು. ಬರೆದು ಎಣಿಸಿ: ಮೂರು ಕ್ರಿಯಾಪದ, ಎರಡು ಕೊಂಡಿ ಬಂದರೆ ಪಾಸ್.