ಮನೆಯಲ್ಲಿ ಇನ್ಸುಲಿನ್ ಚುಚ್ಚುಮದ್ದು: ಕೆಲವು ಎಚ್ಚರಿಕೆಗಳು

1922ರ ಜನವರಿಯಲ್ಲಿ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮಧುಮೇಹಕ್ಕಾಗಿ ಮೊತ್ತಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅಂದು ವೈದ್ಯರ ಕೈಯಲ್ಲಿದ್ದ ಆ ಕಾರ್ಯ ಇಂದು ಮನೆಮನೆಯಲ್ಲಿ ರೋಗಿಯ ಕೈಯಿಂದಲೇ ನಡೆಯುತ್ತಿದೆ. ಆದುದರಿಂದ ಅದರ ಲೆಕ್ಕದ ಹೊಣೆಯೂ ಮನೆಯವರದೇ.

ಭಾರತದಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಶಕ್ತಿಯದು. ಅದರ ಸಿರಿಂಜಿನ ಮುಚ್ಚಳ ಕೆಂಪು. 100 ಯೂನಿಟ್ ಶಕ್ತಿಯ ಸೀಸೆಗಳೂ ಉಂಟು. ಅವುಗಳ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಅಮೆರಿಕದಲ್ಲಿ ರೂಢಿಯಲ್ಲಿರುವುದು ಈ ಎರಡನೆಯದು. ಮಾಟುಂಗದಲ್ಲಿರುವ ತಾಯಿಗೆ ಅಲ್ಲಿಂದ ಬಂದ ಮಗ ಪ್ರೀತಿಯಿಂದ ಒಂದು ಪೆಟ್ಟಿಗೆ ಸಿರಿಂಜು ತಂದುಕೊಟ್ಟನೆನ್ನಿ. ಸೀಸೆ ಇಲ್ಲಿಯದು, ಸಿರಿಂಜು ಅಲ್ಲಿಯದು. 20ರ ಗೆರೆಯವರೆಗೆ ಎಳೆದರೂ ದೇಹಕ್ಕೆ ಸೇರುವುದು ಕೇವಲ 8 ಯೂನಿಟ್. ಸಕ್ಕರೆ ಏರುತ್ತಲೇ ಇರುತ್ತದೆ. ಪಥ್ಯ ಮುರಿದಳೆಂಬ ಅಪವಾದ ಮಾತ್ರ ತಾಯಿಯ ಪಾಲಿಗೆ! ಇದರ ವಿಪರ್ಯಾಸ ಇನ್ನೂ ಭಯಾನಕ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20 ಎಂದು ಎಳೆದದ್ದು ವಾಸ್ತವವಾಗಿ 50 ಯೂನಿಟ್ ಆಗಿ, ಪ್ರಾಣಕ್ಕೇ ಕುತ್ತು ಬರಬಹುದು. ಖಾತೆಪುಸ್ತಕದ ತಪ್ಪನ್ನು ಮರುದಿನ ತಿದ್ದಬಹುದು. ಚುಚ್ಚಿದ ಔಷಧವನ್ನು ಹಿಂದಕ್ಕೆ ಪಡೆಯಲಾಗದು. ಪ್ರತಿ ಖರೀದಿಯಲ್ಲೂ ಸೀಸೆಯ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಕನ್ನಡಕ ಧರಿಸಿ, ಓದತಕ್ಕದ್ದು. ಹೊಂದದಿದ್ದಲ್ಲಿ ಮನಸ್ಸಿನಲ್ಲೇ ಗುಣಿಸಿ ಸರಿದೂಗಿಸುವ ಗೊಡವೆ ಬೇಡ. ಸಿರಿಂಜನ್ನೇ ಬದಲಾಯಿಸುವುದು ಲೇಸು.

ನೋವಿಲ್ಲವೆಂದು ಒಂದೇ ಜಾಗಕ್ಕೆ ಚುಚ್ಚುತ್ತ ಹೋದರೆ ಅಲ್ಲಿ ಕೊಬ್ಬಿನ ಗಂಟು ಕಟ್ಟಿ, ಔಷಧ ಒಂದು ದಿನ ಇದ್ದಂತೆ ಇನ್ನೊಂದು ದಿನ ರಕ್ತಕ್ಕೆ ಸೇರುವುದಿಲ್ಲ. ಹೊಕ್ಕುಳಿನ ಸುತ್ತ ಎರಡು ಬೆರಳಗಲ ಬಿಟ್ಟು, ಪ್ರತಿ ಬಾರಿಯೂ ತುಸು ಸರಿಯುತ್ತಿರಬೇಕು.

ರಜೆಯಲ್ಲಿ ಊರಿಗೆ ಹೊರಟಾಗ ಸೀಸೆ ಕೈಚೀಲದಲ್ಲಿರಲಿ. ಅದು ಮಂಜುಗಡ್ಡೆಗೆ ನೇರವಾಗಿ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಿರುಪಯುಕ್ತ. ರೈಲು ತಡವಾಗುವುದುಂಟು, ಊಟ ಖಚಿತವಾಗದೆ ಊಟದ ಇನ್ಸುಲಿನ್ ಚುಚ್ಚಿಕೊಳ್ಳಬಾರದು. ಬೆವರು, ನಡುಕ, ಕಂಗಾಲು ಕಂಡುಬಂದರೆ ಕೂಡಲೇ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಎಸೆದರೆ ಅದು ಮರುದಿನ ಕಸ ಆಯುವವರ ಬೆರಳಿಗೆ ನಾಟುತ್ತದೆ. ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿಯೊಂದನ್ನು ಅದಕ್ಕೆಂದೇ ಇಟ್ಟು, ತುಂಬುತ್ತ ಬಂದಾಗ ಬಿಗಿಯಾಗಿ ಮುಚ್ಚಿ, ಅದನ್ನು ಸ್ವೀಕರಿಸುವ ಆಸ್ಪತ್ರೆಗೆ ಒಪ್ಪಿಸಬೇಕು.