ಭಾವನಿಗ್ರಹವೂ ಭಾವಹರಣವೂ

ಕಾಮಕ್ರೋಧಾದಿಗಳನ್ನು ಗೆಲ್ಲಬೇಕೆಂದು ನಮ್ಮ ಹಿರಿಯರು ಬೋಧಿಸಿದರು. ಹಾಗಾದರೆ ಆ ಗೆಲುವನ್ನು ಸರ್ಕಾರವೇ ಪ್ರಜೆಗಳಿಗೆ ಒದಗಿಸಿಕೊಟ್ಟರೆ ದೋಷವೇನು? ಅಸೂಯೆಯಿಲ್ಲದ, ಕಲಹವಿಲ್ಲದ, ಕಣ್ಣೀರಿಲ್ಲದ ನಾಡು ಯಾರಿಗೆ ಬೇಡ? ಇದು ಪೂರ್ವಪಕ್ಷ. ಇಪ್ಪತ್ತನೆಯ ಶತಮಾನದ ಕೆಲವು ಪಾಶ್ಚಾತ್ಯ ಕಾದಂಬರಿಕಾರರು ಅಂಥ ನಾಡನ್ನೇ ಕಲ್ಪಿಸಿ, ಅದರ ಅಂತರಂಗವನ್ನು ತೆರೆದು ತೋರಿಸಿದ್ದಾರೆ. ಅವರಲ್ಲಿ ಮೂವರ ಕೃತಿಗಳು ಇಲ್ಲಿ ವಿಚಾರಾರ್ಹವಾಗಿವೆ.

ರಷ್ಯದ ಯೆವ್ಗೆನಿ ಜಮ್ಯಾಟಿನ್ ಅವರು ‘ನಾವು’ ಎಂಬ ಕಾದಂಬರಿಯನ್ನು 1920-21ರಲ್ಲಿ ರಚಿಸಿದರು. ಅದರ ಇಂಗ್ಲಿಷ್ ಅನುವಾದ 1924ರಲ್ಲಿಯೇ ಪ್ರಕಟವಾಯಿತು. ಲೇಖಕರ ಸ್ವಂತ ನಾಡಿನಲ್ಲಿ ಅಚ್ಚಾದುದು 1988ರಲ್ಲಿ. ಅಲ್ಲಿಯ ಏಕರಾಜ್ಯದಲ್ಲಿ ಮನುಷ್ಯರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಡಿ-503 ಎಂಬ ಗಣಿತಜ್ಞನು ಐ-330 ಎಂಬ ಸ್ತ್ರೀಯಲ್ಲಿ ಅನುರಕ್ತನಾಗುತ್ತಾನೆ. ಅವನೊಳಗೆ ಆತ್ಮವೊಂದು ಹುಟ್ಟಿಕೊಂಡಿದೆಯೆಂದು ವೈದ್ಯನು ರೋಗನಿದಾನ ಮಾಡುತ್ತಾನೆ! ಕೊನೆಗೆ ಕಲ್ಪನಾಶಕ್ತಿಯನ್ನೇ ಕಿರಣಗಳಿಂದ ಸುಡುವ ಶಸ್ತ್ರಕ್ರಿಯೆಗೆ ಅವನು ಒಳಗಾಗುತ್ತಾನೆ. ಅನಂತರ ತಾನು ಪ್ರೀತಿಸಿದವಳು ಹಿಂಸೆಗೊಳಗಾಗುವುದನ್ನು ಎದುರಿನಲ್ಲಿಯೇ ಕುಳಿತು ನೋಡುತ್ತಾನೆ. ಅವನ ಮನಸ್ಸು ಕದಲುವುದಿಲ್ಲ.

ಆಲ್ಡಸ್ ಹಕ್ಸ್‌ಲಿ ಅವರ ‘ಬ್ರೇವ್ ನ್ಯೂ ವರ್ಲ್ಡ್’ (1932) ಕೃತಿಯಲ್ಲಿ ಶಸ್ತ್ರಕ್ರಿಯೆಯ ಅಗತ್ಯವಿಲ್ಲ. ದುಃಖ ಸುಳಿದೊಡನೆ ‘ಸೋಮ’ವೆಂಬ ಗುಳಿಗೆ ಸಿದ್ಧವಾಗಿರುತ್ತದೆ, ಆ ಹೆಸರು ನಮ್ಮ ವೇದಕಾಲದ ಪಾನೀಯದ್ದು. ಅಲ್ಲಿ ಷೇಕ್ಸ್‌ಪಿಯರನ ನಾಟಕಗಳು ನಿಷಿದ್ಧ. ಶೋಕವನ್ನರಿಯದವನಿಗೆ ಕರುಣರಸವೆಲ್ಲಿಯದು? ಭರತಮುನಿಯು ಎಂಟು ಸ್ಥಾಯಿಭಾವಗಳನ್ನು ಹೇಳುವಾಗ ರತಿ, ಹಾಸ, ಉತ್ಸಾಹಗಳೊಡನೆ ಶೋಕ, ಕ್ರೋಧ, ಭಯ, ಜುಗುಪ್ಸೆಗಳನ್ನೂ ಎಣಿಸಿದನು. ಅಹಿತವೆಂದು ಯಾವುದನ್ನೂ ಕಿತ್ತುಹಾಕಲಿಲ್ಲ.

ಮೂರನೆಯದು ಅಮೆರಿಕದ ಲೋಯಿಸ್ ಲೌರಿ ಅವರು ಎಳೆಯರಿಗಾಗಿ ಬರೆದ ‘ದಿ ಗಿವರ್’ (1993). ಬಾಲಕ ಜೋನಸ್‌ನ ತಂದೆ ಶಿಶುಗಳನ್ನು ಲಾಲಿಸುವ ಮೃದುಸ್ವಭಾವದವನು. ಅವಳಿ ಮಕ್ಕಳಲ್ಲಿ ತೂಕ ಕಡಿಮೆಯಿರುವುದನ್ನು ‘ಬಿಡುಗಡೆ’ಗೊಳಿಸಬೇಕೆಂಬುದು ಅಲ್ಲಿಯ ನಿಯಮ. ಆತನು ಮುದ್ದುಮಾತಾಡುತ್ತಲೇ ಕೂಸಿಗೆ ಪ್ರಾಣಹಾರಿ ಸೂಜಿಮದ್ದು ಚುಚ್ಚುತ್ತಾನೆ. ಆತನು ಕ್ರೂರಿಯಲ್ಲ. ತಾನು ಮಾಡಿದ್ದು ಘೋರಕೃತ್ಯವೆಂದು ನೋಯಬೇಕಾದ ಅಂಗವೇ ಆತನಲ್ಲಿ ಉಳಿದಿಲ್ಲ.

ಪೂರ್ವಪಕ್ಷಕ್ಕೆ ಉತ್ತರ ಇಲ್ಲಿಯೇ ಇದೆ. ನಿಗ್ರಹವೆಂಬುದು ಭಾವವುಳ್ಳವನು ತನ್ನ ಭಾವವನ್ನು ತಾನೇ ಆಳುವ ಸಾಧನೆ. ಕೋಪ ಬಂದವನು ಮಾತ್ರವೇ ಕ್ಷಮಿಸಬಲ್ಲನು. ಭಯವನ್ನರಿತವನು ಮಾತ್ರವೇ ಧೀರನಾಗಬಲ್ಲನು. ಹರಣದಲ್ಲಾದರೋ ಆಳುವವನೂ ಇಲ್ಲ, ಆಳಲ್ಪಡುವುದೂ ಇಲ್ಲ. ಶರಣರು ಇಂದ್ರಿಯಗಳನ್ನು ಕೊಲ್ಲಹೇಳಲಿಲ್ಲ. ಅವುಗಳ ಅನುಭವವನ್ನು ಲಿಂಗಕ್ಕರ್ಪಿಸಿ ಪ್ರಸಾದವಾಗಿ ಸ್ವೀಕರಿಸುವ ಮಾರ್ಗವನ್ನು ತೋರಿದರು. ಧರ್ಮಕ್ಕೆ ದಯೆಯೇ ಆಧಾರವೆಂದು ಸಾರಿದರು. ದಯೆಯೂ ಒಂದು ಭಾವವೇ ಅಲ್ಲವೇ? ಭಾವವನ್ನು ಕಸಿದ ಸರ್ಕಾರವು ಪ್ರಜೆಯ ಕಣ್ಣೀರನ್ನು ಒರೆಸುವುದಿಲ್ಲ, ಅವನ ಧರ್ಮಾಧರ್ಮ ವಿವೇಕವನ್ನೇ ಅಪಹರಿಸುತ್ತದೆ.

ಅಧ್ಯಾಪಕರಾದ ನಮಗೂ ಇದರಲ್ಲೊಂದು ಪಾಠವಿದೆ. ನಿಶ್ಶಬ್ದವಾದ ತರಗತಿಯನ್ನು ಕಂಡು ಶಿಸ್ತು ನೆಲೆಸಿತೆಂದು ನಾವು ಸಂತೋಷಪಡುವುದುಂಟು. ಸಹಪಾಠಿಯು ಅಪಮಾನಿತನಾದಾಗ ನೊಂದು ಎದ್ದುನಿಂತು ಮಾತಾಡುವ ಒಬ್ಬ ಬಾಲಕನಾದರೂ ಆ ತರಗತಿಯಲ್ಲಿ ಇರುವನೇ ಎಂಬುದನ್ನು ನಾವು ನೋಡಿಕೊಳ್ಳಬೇಕು. ಇಲ್ಲವಾದರೆ ಆ ಮೌನಕ್ಕೆ ನಾವೇ ಉತ್ತರವಾದಿಗಳು.