ಕಾನ್ಫಿಗ್ ಫೈಲ್ ಆರಿಸುವ ಮುನ್ನ

ಹೊಸ ಪ್ರಾಜೆಕ್ಟಿನ ಕಾನ್ಫಿಗ್ ಫೈಲನ್ನು ಯಾವ ಫಾರ್ಮ್ಯಾಟಿನಲ್ಲಿ ಇಡಲಿ ಎಂದು ಕೇಳಿದೆಯಲ್ಲ ಮಗಳೇ, ಮೊದಲು ಅದನ್ನು ಕೈಯಾರೆ ತಿದ್ದುವವರು ಯಾರು ಅಂತ ಯೋಚಿಸು. ನೀನು ಬೇರೆ ಕಡೆ ಹೋದಮೇಲೆ, ಸರ್ವರ್ ಕೆಟ್ಟು ನಿಂತ ನಡುರಾತ್ರಿ, ನಿದ್ದೆಗಣ್ಣಲ್ಲಿ ಅದನ್ನು ತೆರೆಯುವವರು ಇನ್ಯಾರೋ. ಫೈಲು ಅವರಿಗೆ ಅರ್ಥವಾಗಬೇಕು.

ನಾನೊಮ್ಮೆ ಯಾಮಲ್ ಫೈಲಿನಲ್ಲಿ ಬ್ಯಾಕಪ್ಪಿಗೆ ಎರಡು ಹೊತ್ತು ಗೊತ್ತು ಮಾಡಿದ್ದೆ: ಬೆಳಿಗ್ಗೆ 09:30, ರಾತ್ರಿ 22:30. ಬೆಳಗಿನದು ತಪ್ಪದೆ ಓಡುತ್ತಿತ್ತು, ರಾತ್ರಿಯದು ಓಡಲೇ ಇಲ್ಲ. ಎರಡು ದಿನ ಕೋಡೆಲ್ಲ ಜಾಲಾಡಿದೆ. ಕೊನೆಗೆ ಪೈಥಾನ್ ಓದಿಕೊಂಡಿದ್ದನ್ನೇ ಪ್ರಿಂಟ್ ಮಾಡಿದರೆ ತೆರೆಯ ಮೇಲೆ 1350! ಯಾಮಲ್ 1.1ರ ನಿಯಮದಂತೆ ಅದು ಅರವತ್ತರ ಲೆಕ್ಕ. 22ನ್ನು 60ರಿಂದ ಗುಣಿಸಿ 30 ಕೂಡಿಸಿತ್ತು. ಸೊನ್ನೆಯಿಂದ ಶುರುವಾಗುವ 09:30 ಮಾತ್ರ ಪಾರಾಗಿತ್ತು. ನಾರ್ವೆಯ ಸಂಕೇತ ‘ಎನ್ಒ’ವನ್ನು ಅದೇ ಹಳೆಯ ನಿಯಮ ‘ಇಲ್ಲ’ ಎಂದು ಓದುತ್ತದೆ. ಉದ್ಧರಣ ಚಿಹ್ನೆಯಿಲ್ಲದ ಆವೃತ್ತಿ ಸಂಖ್ಯೆ 1.10 ತನ್ನ ಸೊನ್ನೆ ಕಳೆದುಕೊಂಡು 1.1 ಆಗುತ್ತದೆ. 2009ರ ಯಾಮಲ್ 1.2 ಅರವತ್ತರ ಲೆಕ್ಕವನ್ನು ಕೈಬಿಟ್ಟಿತು, ಆದರೆ ಪೈಥಾನಿನವರು ಹೆಚ್ಚಾಗಿ ಬಳಸುವ ಪೈಯಾಮಲ್ ಇನ್ನೂ 1.1ರ ಜಾಡಿನಲ್ಲೇ ಇದೆ.

ಜೇಸನ್ ಹೀಗೆ ಊಹೆಗೆ ಇಳಿಯುವುದಿಲ್ಲ. ಯಂತ್ರ ಯಂತ್ರಕ್ಕೆ ಕಳಿಸುವ ಮಾಹಿತಿಗೆ ಅದೇ ಸರಿ. ಆದರೆ ಅದರಲ್ಲಿ ಕಾಮೆಂಟಿಗೆ ಜಾಗವಿಲ್ಲ. ಜೇಸನ್ ರೂಪಿಸಿದ ಡಗ್ಲಸ್ ಕ್ರಾಕ್‌ಫರ್ಡ್ ಅದನ್ನು ಬೇಕೆಂದೇ ತೆಗೆದುಹಾಕಿದರು. ನಿನ್ನ ಟೈಮ್‌ಔಟ್ 45 ಸೆಕೆಂಡು ಯಾಕೆ ಅಂತ ಪಕ್ಕದಲ್ಲಿ ಒಂದು ಸಾಲು ಬರೆಯಲಾಗದ ಫೈಲನ್ನು ಮನುಷ್ಯರ ಕೈಗೆ ಕೊಡಬೇಡ.

ನನ್ನ ಮಾತು ಕೇಳುವುದಾದರೆ ಟಾಮಲ್ ಹಿಡಿ. ಟಾಮ್ ಪ್ರೆಸ್ಟನ್-ವರ್ನರ್ 2013ರಲ್ಲಿ ಶುರು ಮಾಡಿದ್ದು, 2021ರಲ್ಲಿ 1.0 ಆಯಿತು. ಪಠ್ಯದ ಮೌಲ್ಯಗಳಿಗೆ ಉದ್ಧರಣ ಚಿಹ್ನೆ ಕಡ್ಡಾಯ, ಕಾಮೆಂಟಿಗೆ ಜಾಗವುಂಟು. ರಸ್ಟಿನ ಕಾರ್ಗೋ ಅದನ್ನೇ ನೆಚ್ಚಿಕೊಂಡಿದೆ; ಪೈಥಾನ್ 3.11ರಿಂದ ಅದನ್ನು ಓದುವ ಲೈಬ್ರರಿ ಭಾಷೆಯ ಜೊತೆಯಲ್ಲೇ ಬರುತ್ತದೆ. ಒಂದರೊಳಗೊಂದು ನಾಲ್ಕೈದು ಹಂತ ಇಳಿದರೆ ಟಾಮಲ್ ಗೋಜಲಾಗುತ್ತದೆ, ನಿಜ. ಸೆಟ್ಟಿಂಗುಗಳು ಅಷ್ಟು ಆಳಕ್ಕೆ ಇಳಿದಿದ್ದರೆ ಮೊದಲು ಅವನ್ನೇ ಸರಳ ಮಾಡು.

ಕುಬರ್ನೆಟಿಸ್‌ನಂಥ ಕಡೆ ಎಲ್ಲರೂ ಯಾಮಲ್ಲೇ ಬರೆಯುತ್ತಾರೆ, ಅಲ್ಲಿ ಹಟ ಬೇಡ. ಸಮಯ, ಆವೃತ್ತಿ, ದೇಶದ ಸಂಕೇತ ಏನೇ ಇರಲಿ, ಉದ್ಧರಣ ಚಿಹ್ನೆಯೊಳಗೆ ಹಾಕು. ಪಾಸ್‌ವರ್ಡನ್ನು ಮಾತ್ರ ಯಾವ ಫಾರ್ಮ್ಯಾಟಿನಲ್ಲೂ ಬರೆದು ಗಿಟ್‌ಗೆ ಸೇರಿಸಬೇಡ.

ಇವತ್ತು ಸಂಜೆ ಮನೆಗೆ ಹೊರಡುವ ಮುಂಚೆ ಆ 45ರ ಮೇಲೊಂದು ಕಾಮೆಂಟು ಬರೆದಿಟ್ಟು ಹೋಗು.